ನಾಲ್ಕನೇ ಸೀಟು

ಹೋದ ವಾರ ಉತ್ತರಪತ್ರಿಕೆ ನೋಡುವ ಕೆಲಸಕ್ಕೆ ಆಳಂದದಿಂದ ಅಫಜಲಪುರಕ್ಕೆ ಹೊರಟಿದ್ದೆ. ಬಸ್ಸು ನನ್ನ ಕಣ್ಣೆದುರೇ ಹೊರಟುಹೋಯಿತು. ಸ್ಟ್ಯಾಂಡಿನ ಹೊರಗೆ ನಿಂತಿದ್ದ ಗಾಡಿಯೊಂದನ್ನು ಹತ್ತಿ ಕೂತೆ. ನಾನು ಹತ್ತಿದ ಮೇಲೆ ಒಂದೇ ಒಂದು ಸೀಟು ಉಳಿಯಿತು. ಡ್ರೈವರು ಕೆಳಗೆ ನಿಂತು, “ಒಂದ ಸೀಟ್ ನೋಡ್ರಿ, ಒಂದ ಸೀಟ್! ಬರೋರು ಬರ್ರಿ, ಗಾಡಿ ಬಿಟ್ಟಾತು!” ಎಂದು ಕೂಗುತ್ತಿದ್ದ. ಬಿಟ್ಟಾತು ಬಿಟ್ಟಾತು ಎನ್ನುತ್ತಲೇ ಅರ್ಧ ಗಂಟೆಯಾಯಿತು. ಒಳಗಿದ್ದವರು ಒಬ್ಬೊಬ್ಬರಾಗಿ ಬಿಸಿಯಾಗತೊಡಗಿದರು. ನನ್ನ ಪಕ್ಕದ ಹಿರಿಯರೊಬ್ಬರು ಕಿಟಕಿಯಿಂದ ತಲೆ ಹೊರಗೆ ಹಾಕಿ, “ಒಂದ ಸೀಟಿನ ಸಲುವಾಗಿ ಇಷ್ಟ ಮಂದೀನ ಬಿಸಲಾಗ ಒಣಗಸ್ತಿಯೇನೋ ತಮ್ಮಾ?” ಎಂದು ಗದರಿದರು. ನಾನೊಬ್ಬಳೇ ಸುಮ್ಮನೆ ನಗುತ್ತ ಕೂತಿದ್ದೆ. ಅದು ಅವರಿಗೆ ಇನ್ನೂ ಸಿಟ್ಟು ತರಿಸಿತೇನೋ, “ನಿಮಗೇನು ಅರ್ಜೆಂಟ್ ಇಲ್ಲೇನ್ರಿ?” ಎಂದು ನನ್ನನ್ನೇ ಕೇಳಿದರು.

ಅರ್ಜೆಂಟ್ ಇತ್ತು. ಆದರೆ ಒಂದು ಸೀಟಿಗಾಗಿ ನಿಂತ ಗಾಡಿಯನ್ನು ಬೈಯುವುದು ನನ್ನಿಂದ ಆಗದು. ನಾನು ಜೀಪಿನ ಡ್ರೈವರನ ಮಗಳು. ಇದನ್ನು ಹೇಳುವಾಗ ನನ್ನ ಕತ್ತು ತಾನಾಗಿಯೇ ಸ್ವಲ್ಪ ಮೇಲೇಳುತ್ತದೆ. ಕಾಲೇಜಿನಲ್ಲಿ ನನ್ನ ಜೊತೆಯ ಲೆಕ್ಚರರುಗಳು ಇದನ್ನು ಆಡಿಕೊಂಡು ನಗುವುದೂ ಉಂಟು. ಇಪ್ಪತ್ತು ವರ್ಷದಿಂದ ಭೂಗೋಳ ಕಲಿಸುತ್ತಿದ್ದೇನೆ, ಆ ಬಗ್ಗೆ ನನಗೆ ಅಂಥ ಜಂಬವೇನೂ ಇಲ್ಲ. ಅಪ್ಪನ ವಿಷಯಕ್ಕೆ ಬಂದರೆ ಮಾತ್ರ ನನ್ನನ್ನು ಹಿಡಿಯುವವರಿಲ್ಲ.

ಅಪ್ಪ ಮೂವತ್ತೈದು ವರ್ಷ ಆಳಂದದಿಂದ ಖಜೂರಿಗೆ ಜೀಪು ಓಡಿಸಿದ. ಖಜೂರಿ ನಮ್ಮ ತಾಲ್ಲೂಕಿನ ಅಂಚಿನ ಊರು, ಅಲ್ಲಿಂದ ಮುಂದೆ ಮಹಾರಾಷ್ಟ್ರ. ಆ ಜೀಪನ್ನು ಕಂಪನಿಯವರು ಎಷ್ಟು ಜನ ಕೂರಲೆಂದು ಮಾಡಿದ್ದರೋ ನಮಗೆ ಗೊತ್ತಿರಲಿಲ್ಲ, ನಾವು ಯಾರೂ ಅವರನ್ನು ಕೇಳಲೂ ಇಲ್ಲ. ಒಳಗೆ ಹದಿನಾರು ಜನ, ಹಿಂದೆ ಜೋತುಬಿದ್ದವರು ನಾಲ್ವರು, ಮೇಲೆ ತೊಗರಿ ಚೀಲ, ಚೀಲದ ಮೇಲೆ ಅದರ ಧಣಿ. ರಜೆಯ ದಿನ ನಾನು ಮುಂದಿನ ಸೀಟಿನಲ್ಲಿ ಅಪ್ಪನಿಗೂ ಗೇರಿನ ಹಿಡಿಗೂ ನಡುವೆ ಇದ್ದ ಅಂಗೈಯಗಲದ ಜಾಗದಲ್ಲಿ ಕೂರುತ್ತಿದ್ದೆ. ಅದು ನನ್ನ ಸಿಂಹಾಸನ. ಹತ್ತಿದವರೆಲ್ಲ ನಮ್ಮ ಮನೆಗೆ ಬಂದ ಅತಿಥಿಗಳು ಎಂಬುದು ನನ್ನ ನಂಬಿಕೆ. “ಅಲ್ಲಿ ಕೂಸಿನವ್ರು ಅದಾರ, ಸರೀರಿ” ಎಂದು ದೊಡ್ಡವರಿಗೆ ಹುಕುಂ ಮಾಡುತ್ತಿದ್ದೆ. ಸರಸಂಬಾದಿಂದ ಕಳೆ ತೆಗೆಯಲು ಹೋಗುವ ಹೆಣ್ಣುಮಕ್ಕಳು, “ಏನ್ ಬೇ ಸಾವ್ಕಾರತಿ, ನಮಗೂ ಜರಾ ಜಾಗಾ ಕೊಡು” ಎಂದು ನನ್ನ ಗಲ್ಲ ಹಿಂಡುತ್ತಿದ್ದರು. ಅವರು ಚೇಷ್ಟೆ ಮಾಡುತ್ತಿದ್ದಾರೆ ಎಂದು ತಿಳಿಯಲು ನನಗೆ ಬಹಳ ವರ್ಷಗಳೇ ಹಿಡಿದವು.

ಅವ್ವನ ತವರು ಜೇವರ್ಗಿ. ಮನೆಯ ಬಾಗಿಲಲ್ಲೇ ಜೀಪಿದ್ದರೂ ಅವ್ವ ಒಂದು ದಿನವೂ ಬೇರೆ ಜನರಿಲ್ಲದೆ ತವರಿಗೆ ಹೋದವಳಲ್ಲ. ಹಬ್ಬಕ್ಕೆಂದು ಇಳಕಲ್ ಸೀರೆ ಉಟ್ಟು, ತಲೆತುಂಬ ಹೂ ಮುಡಿದು ಮುಂದೆ ಕೂತಿರುತ್ತಿದ್ದಳು. ಊರು ದಾಟುವುದರೊಳಗೆ ಅಪ್ಪ ಯಾರೋ ಕೈ ಮಾಡಿದರೆಂದು ನಿಲ್ಲಿಸುತ್ತಿದ್ದ. ಮುಂದೆ ಇನ್ನೊಬ್ಬರು. ಒಂದು ಸಲ ನಿಂಬರ್ಗಾದ ಬೀಗರ ಮನೆಯಿಂದ ಬಂದಿದ್ದ ಮುದುಕಿಯೊಬ್ಬಳು ತನ್ನ ಮೇಕೆಮರಿಯನ್ನು ಅವ್ವನ ತೊಡೆಯ ಮೇಲೆ ಇಟ್ಟು ಹಿಂದೆ ಹೋಗಿ ಕೂತಳು. ಜೇವರ್ಗಿಯಲ್ಲಿ ಇಳಿದಾಗ ಅಜ್ಜಿ ಬಾಗಿಲಲ್ಲಿ ನಿಂತು ಮಗಳನ್ನು ನೋಡಿ, ಮೇಕೆಯನ್ನು ನೋಡಿ, “ಇದು ಯಾರವಾ?” ಎಂದು ಕೇಳಿದ್ದಳು. ಮುದುಕಿ ತನ್ನ ಮರಿ ಮರೆತು ದಾರಿಯಲ್ಲೇ ಇಳಿದುಬಿಟ್ಟಿದ್ದಳು. ಅಪ್ಪ ನೀರು ಕೂಡ ಕುಡಿಯದೆ ಜೀಪು ತಿರುಗಿಸಿಕೊಂಡು ಹೋಗಿ ಮರಿಯನ್ನು ಮುಟ್ಟಿಸಿ ಬಂದ. ಖಾಲಿ ಸೀಟು ಕಂಡರೆ ಅವನಿಗೆ ಜೀವ ತಡೆಯುತ್ತಿರಲಿಲ್ಲ. ದಾರಿಯಲ್ಲಿ ಜನ ನಿಂತಿರುವಾಗ ಗಾಡಿಯಲ್ಲಿ ಜಾಗ ಇಟ್ಟುಕೊಂಡು ಹೋಗುವುದು ಅವನ ಲೆಕ್ಕದಲ್ಲಿ ಮರ್ಯಾದೆಗೇಡು.

ಅದಕ್ಕಿಂತ ದೊಡ್ಡ ಮರ್ಯಾದೆಗೇಡೆಂದರೆ ಪಾಳಿ ಮುರಿಯುವುದು. ಆಳಂದದ ಸ್ಟ್ಯಾಂಡಿನಲ್ಲಿ ಆಗ ಹನ್ನೊಂದು ಜೀಪುಗಳಿದ್ದವು. ಬೆಳಿಗ್ಗೆ ಬಂದವರು ಬಂದ ಹಾಗೆ ತಮ್ಮ ಚಾವಿಯನ್ನು ಚಹಾದಂಗಡಿಯ ಕಟ್ಟೆಯ ಮೇಲೆ ಸಾಲಾಗಿ ಇಡುತ್ತಿದ್ದರು. ಮೊದಲ ಚಾವಿಯವನ ಗಾಡಿ ತುಂಬಿ ಹೊರಟ ಮೇಲೆಯೇ ಎರಡನೆಯವನು ತನ್ನ ಚಾವಿ ಮುಟ್ಟಬೇಕು. ಬಾಣಂತಿ, ಹಾವು ಕಚ್ಚಿದವರು, ಆಸ್ಪತ್ರೆಗೆ ಒಯ್ಯಬೇಕಾದವರು ಬಂದರೆ ಪಾಳಿ ಇಲ್ಲ, ಯಾವ ಗಾಡಿ ಹತ್ತಿರವೋ ಅದೇ ಓಡಬೇಕು. ಮಿಕ್ಕಂತೆ ಯಾರಾದರೂ ಒಬ್ಬ ಡ್ರೈವರನ ಹೆಸರು ಹೇಳಿಕೊಂಡು, ನಿನ್ನ ಗಾಡಿಯೇ ಬೇಕು ಎಂದು ಬಂದರೆ ಅದಕ್ಕೊಂದು ರಿವಾಜು ಇತ್ತು. ಆ ಡ್ರೈವರು ತನ್ನ ಚಾವಿಯನ್ನು ಎತ್ತಿಕೊಂಡು ಹೋಗಿ ಮೊದಲ ಪಾಳಿಯವನ ಅಂಗೈಯಲ್ಲಿ ಇಟ್ಟು, “ಪಾಳಿ ನಿಂದು. ಸವಾರಿ ನನ್ನ ಹೆಸರ ಹೇಳಿ ಬಂದಾರ. ಹೋಗ್ಲೇನು?” ಎಂದು ಕೇಳಬೇಕು. ಸವಾರಿ ಎಂದರೆ ನಮ್ಮಲ್ಲಿ ಗಾಡಿ ಹತ್ತುವ ಜನ. ಅವನು ಚಾವಿ ತಿರುಗಿ ಕೊಟ್ಟು, “ಹೋಗು” ಎಂದರೆ ಹೋಗಬೇಕು. ಯಾರೂ ಒಲ್ಲೆ ಎನ್ನುತ್ತಿರಲಿಲ್ಲ. ಆದರೆ ಕೇಳದೆ ಹೋದವನ ಜೊತೆ ಎಂಟು ದಿನ ಯಾರೂ ಚಹಾ ಕುಡಿಯುತ್ತಿರಲಿಲ್ಲ.

ಅಫಜಲಪುರದ ಸಾಹುಕಾರರೊಬ್ಬರು ಒಮ್ಮೆ ಹೆಣ್ಣು ನೋಡಲು ಹೋಗುವುದಕ್ಕೆ ಅಪ್ಪನ ಜೀಪೇ ಬೇಕೆಂದು ಬಂದರು. ಅಪ್ಪ ಅದಕ್ಕೆ ಆಗಷ್ಟೇ ಹೊಸ ಸೀಟು ಕವರು ಹಾಕಿಸಿದ್ದ. ಆ ದಿನ ಮೊದಲ ಪಾಳಿ ಮೈನು ಚಾಚಾನದು. ಚಾಚಾ ಅಪ್ಪನ ಜೀವದ ಗೆಳೆಯ. ಅವನ ಜೀಪಿನ ಒಂದು ಬಾಗಿಲನ್ನು ಹಗ್ಗದಿಂದ ಕಟ್ಟಿತ್ತು. ಬೆಳಿಗ್ಗೆಯಿಂದ ಕಾದರೂ ಅವನ ಗಾಡಿ ತುಂಬಿರಲಿಲ್ಲ. ಅಪ್ಪ ಚಾವಿ ತೆಗೆದುಕೊಂಡು ಹೋಗಿ ಅವನ ಅಂಗೈಯಲ್ಲಿಟ್ಟ. ಚಾಚಾ ಎಂದಿನಂತೆ, “ಹೋಗೋ, ಕೇಳೂದೇನದ” ಎಂದ. ಅಪ್ಪ ಅವನ ಮುಖ ನೋಡಿದ. ಸಾಹುಕಾರರ ಕಡೆ ತಿರುಗಿ, “ಇವರ ಗಾಡ್ಯಾಗ ಹೋಗ್ರಿ ಧಣಿ, ನಾನೂ ಬಾಜೂಕ ಕುಂತು ಬರ್ತೇನಿ” ಎಂದ. ಸಾಹುಕಾರರು ಹಗ್ಗ ಕಟ್ಟಿದ ಬಾಗಿಲಿನಿಂದ ಇಳಿದು ಹೆಣ್ಣು ನೋಡಿದರು. ಸಂಬಂಧ ಕೂಡಿತು. ಮದುವೆಯ ದಿಬ್ಬಣಕ್ಕೆ ಚಾಚಾನ ಗಾಡಿಯನ್ನೇ ಕರೆದರು ಎನ್ನುವುದನ್ನು ನಾನು ಎಲ್ಲರಿಗೂ ಹೇಳುತ್ತೇನೆ, ಯಾರೂ ಕೇಳದಿದ್ದರೂ.

ಮೂರು ವರ್ಷದ ಹಿಂದೆ ಅಪ್ಪನ ಕಣ್ಣು ಮಂದವಾದವು. ಡಾಕ್ಟರು ಗಾಡಿ ಬೇಡ ಎಂದರು. ಜೀಪು ಮಾರಿದ. ಅದಾದ ಮೇಲೆ ಅವನು ಯಾವ ಗಾಡಿಯನ್ನೂ ಹತ್ತಲೊಲ್ಲ. ಎಲ್ಲಿಗೆ ಕರೆದರೂ, “ನಾ ನಡಕೋತ ಬರ್ತೇನಿ, ನೀವು ಹೋಗ್ರಿ” ಎನ್ನುತ್ತಿದ್ದ. ಆಗ ನನಗೊಂದು ಆಸೆ ಹುಟ್ಟಿತು. ಇಷ್ಟು ವರ್ಷ ಊರಿನವರನ್ನೆಲ್ಲ ಹೊತ್ತು ತಿರುಗಿದ ಮನುಷ್ಯ ಒಂದು ದಿನವೂ ಹಿಂದಿನ ಸೀಟಿನಲ್ಲಿ ಸವಾರಿಯಾಗಿ ಕೂತಿಲ್ಲ. ಅವನೊಬ್ಬನಿಗಾಗಿ ಒಂದು ಗಾಡಿ ಬಂದು ನಿಲ್ಲಬೇಕು, ಯಾರೋ ಇಳಿದು ಅವನಿಗೆ ಬಾಗಿಲು ತೆರೆಯಬೇಕು, ಅವನು ಕಾಲು ಚಾಚಿ ಒರಗಿ ಕೂತು ಕಿಟಕಿಯಿಂದ ದಾರಿ ನೋಡಬೇಕು. ಅವನ ವಯಸ್ಸು ಎಪ್ಪತ್ತು ದಾಟಿತ್ತು. ಆದಷ್ಟು ಬೇಗ ಇದಾಗಲಿ ಎಂದು ನನಗೆ ಒಳಗೊಳಗೇ ಅವಸರ.

ಆಳಂದದಲ್ಲಿ ಅದು ಆಗುವ ಮಾತಲ್ಲ, ಪ್ರತಿಯೊಬ್ಬ ಡ್ರೈವರೂ ಅವನ ಶಿಷ್ಯನೇ. ಹತ್ತಿ ಕೂತರೆ ಕ್ಲಚ್ಚಿನ ಮೇಲೆ ಕಾಲಿಟ್ಟದ್ದು ತಪ್ಪು ಎಂದು ಪಾಠ ಶುರುವಾಗುತ್ತದೆ. ದೂರ ಹೋಗಬೇಕು. ವರ್ಷವರ್ಷವೂ ಬೋರ್ಡಿನ ಮೇಲೆ ರೇಷ್ಮೆ ದಾರಿಯ ನಕ್ಷೆ ಬರೆದು, ಸಮರಕಂದದ ಮೇಲೆ ಒಂದು ಚುಕ್ಕೆ, ಬುಖಾರಾದ ಮೇಲೆ ಒಂದು ಚುಕ್ಕೆ ಇಟ್ಟು ಗೆರೆ ಎಳೆದವಳು ನಾನು. ಆ ಗೆರೆಯ ಮೇಲೆ ಅಪ್ಪನನ್ನು ಕರೆದುಕೊಂಡು ಹೋಗುತ್ತೇನೆ ಎಂದು ಗಟ್ಟಿಮಾಡಿದೆ. ಆ ಊರುಗಳಿರುವ ಉಜ್ಬೇಕಿಸ್ತಾನದ ಹೆಸರು ಹೇಳಿದರೆ ಅವ್ವ, “ಅಷ್ಟು ದೂರಕ್ಕ ಯಾಕ, ನಮ್ಮ ಜೇವರ್ಗಿಗೆ ಹೋಗಿ ಬರ್ರಿ” ಎಂದಳು. ಅವಳ ಮೊಣಕಾಲು ನೋವಿಗೆ ಪ್ರಯಾಣ ಆಗುತ್ತಿರಲಿಲ್ಲ. ಅಪ್ಪ ವಿಮಾನಕ್ಕೆ ಒಪ್ಪಿದ. ವಿಮಾನ, ರೈಲು, ಬಸ್ಸು ಗಾಡಿಯ ಲೆಕ್ಕಕ್ಕೆ ಬರುವುದಿಲ್ಲವಂತೆ.

ಸಮರಕಂದದಿಂದ ಬುಖಾರಾಕ್ಕೆ ರೈಲಿದೆ. ನಾನು ಬೇಕೆಂದೇ ರೈಲು ಬಿಟ್ಟು ಕಾರು ಬುಕ್ ಮಾಡಲು ಕೂತೆ. ಮೊಬೈಲಿನಲ್ಲಿ ಒಂದು ಫಾರಂ ಬಂತು. ಎಷ್ಟು ಜನ? ಮೂರರವರೆಗೆ ಮಾತ್ರ ಅವಕಾಶವಿತ್ತು. ಎಷ್ಟು ಪೆಟ್ಟಿಗೆ? ಮಗುವಿನ ಸೀಟು ಬೇಕೆ? ನಮ್ಮ ಜೀಪಿನಲ್ಲಿ ಮಗುವಿನ ಸೀಟು ಎಂದರೆ ಯಾರದಾದರೂ ತೊಡೆ. ಕೊನೆಯಲ್ಲಿ ದಪ್ಪ ಅಕ್ಷರದಲ್ಲಿ ಒಂದು ಭರವಸೆ ಇತ್ತು: ಇಡೀ ವಾಹನ ನಿಮಗಾಗಿ ಮಾತ್ರ, ದಾರಿಯಲ್ಲಿ ಬೇರೆ ಯಾರನ್ನೂ ಹತ್ತಿಸಿಕೊಳ್ಳುವುದಿಲ್ಲ. ಅಪ್ಪನಿಗೆ ಇದನ್ನು ಕನ್ನಡದಲ್ಲಿ ಓದಿ ಹೇಳಿದಾಗ ಅವನ ಮುಖ ಚಿಕ್ಕದಾಯಿತು.

“ಯಾಕ, ಹತ್ತಿಸಿಕೊಂಡ್ರ ಏನಾಗ್ತದ?”

“ಏನೂ ಆಗೂದಿಲ್ಲಪ್ಪಾ. ನಾವಿಬ್ಬರೇ ಆರಾಮ ಹೋಗೂನು ಅಂತ.”

“ಇಬ್ಬರ ಸಲುವಾಗಿ ಅಷ್ಟು ದೂರ ಗಾಡಿ ಓಡ್ತದ?” ಎಂದು ತಲೆಯಾಡಿಸಿದ. ನಾನು ಅವನು ಇನ್ನೇನಾದರೂ ಹೇಳುವುದರೊಳಗೆ ಗುಂಡಿ ಒತ್ತಿಬಿಟ್ಟೆ.

ಆ ದಿನ ಬೆಳಿಗ್ಗೆ ಸಮರಕಂದದಲ್ಲಿ ಅಪ್ಪ ಬಿಳಿ ಧೋತರ, ಬಿಳಿ ಟೊಪ್ಪಿಗೆ, ಹಣೆಗೆ ವಿಭೂತಿ ಧರಿಸಿ ಸಿದ್ಧನಾದ. ನಾವು ಇಳಿದುಕೊಂಡಿದ್ದ ಹೊಟೇಲಿನ ಓಣಿ ಇಕ್ಕಟ್ಟು. ಡ್ರೈವರು ಮುಖ್ಯರಸ್ತೆಯ ಮೂಲೆಗೆ ಬರಲು ಹೇಳಿದ್ದ. ನಾವು ಚೀಲ ಹಿಡಿದು ಆ ಮೂಲೆಗೆ ಹೋದರೆ ಅಲ್ಲೊಂದು ಟ್ಯಾಕ್ಸಿ ಸ್ಟ್ಯಾಂಡು. ಒಂದರ ಹಿಂದೆ ಒಂದು ಬಿಳಿ ಕಾರುಗಳು. ಡ್ರೈವರುಗಳು ರಸ್ತೆಯ ಬದಿಗೆ ನಿಂತು, “ಬುಖಾರಾ, ಬುಖಾರಾ, ಬುಖಾರಾ!” ಎಂದು ಕೂಗುತ್ತಿದ್ದರು. ಅಪ್ಪ ಗಕ್ಕನೆ ನಿಂತ. ಮೂರು ವರ್ಷದಿಂದ ನಾನು ಕಾಣದ ಕಳೆ ಅವನ ಮುಖಕ್ಕೆ ಬಂತು.

“ಯವ್ವಾ, ಇದು ನಮ್ಮ ಸ್ಟ್ಯಾಂಡ್ ಬೇ!”

ಎರಡೇ ನಿಮಿಷದಲ್ಲಿ ಅವನಿಗೆ ಅಲ್ಲಿನದೆಲ್ಲ ಗೊತ್ತಾಗಿಹೋಯಿತು. “ಆ ಮುಂದಿಂದು ಮೊದಲ ಪಾಳಿ. ಆ ಕರಿ ಟೊಪ್ಪಿಗಿ ಹಿರ್ಯಾರ ಗಾಡಿ. ಮೂರು ಸವಾರಿ ಕುಂತಾರ ನೋಡು. ನಾಲ್ಕನೇದವ್ರ ದಾರಿ ಕಾಯಾಕತ್ತಾರ.” ನನಗೂ ಖುಷಿಯಾಯಿತು. ಅಷ್ಟರಲ್ಲಿ ನಮ್ಮ ಕಾರು ಬಂತು. ಬೂದಿ ಬಣ್ಣದ, ಹೊಳೆಯುವ ಕಾರು. ಆ ಸಾಲನ್ನೆಲ್ಲ ದಾಟಿ ಮೊದಲ ಗಾಡಿಯ ಮೂಗಿನೆದುರೇ ಬಂದು ನಿಂತಿತು. ಮೂವತ್ತರ ಆಸುಪಾಸಿನ ಡ್ರೈವರು ಇಳಿದು ಬಂದ. ಹೆಸರು ಜಸೂರ್. ಹಿಂದಿ ಸಿನಿಮಾ ನೋಡಿ, ನಮ್ಮ ಕಡೆಯ ಪ್ರವಾಸಿಗಳ ಜೊತೆ ತಿರುಗಿ ಕಲಿತ ಹಿಂದಿ ಅವನದು. ನಮ್ಮದು ಮೈನು ಚಾಚಾನಿಂದ ಕಲಿತದ್ದು. ಎರಡೂ ಹೇಗೋ ಹೊಂದಿಕೊಂಡವು. ಅವನು ನಮ್ಮ ಪೆಟ್ಟಿಗೆಗಳನ್ನಿಟ್ಟು, ಹಿಂದಿನ ಬಾಗಿಲು ತೆರೆದು, ಅಪ್ಪನ ಕಡೆ ಕೈ ಮಾಡಿ ಬಗ್ಗಿ ನಿಂತ. ನಾನು ಎಷ್ಟು ತಿಂಗಳಿಂದ ಕಾಯುತ್ತಿದ್ದ ಗಳಿಗೆ ಅದು. ಫೋಟೋ ತೆಗೆಯಲು ಮೊಬೈಲನ್ನೂ ಎತ್ತಿದ್ದೆ.

ಅಪ್ಪ ಹತ್ತಲಿಲ್ಲ.

“ಇವ್ರಿಗೆ ಹೇಳೀದೇನು?” ಎಂದ.

“ಯಾರಿಗೆ?”

“ಪಾಳಿ ಹಿಡಿದು ನಿಂತವ್ರಿಗೆ.”

“ಅಪ್ಪಾ, ನಾ ಆಳಂದದಾಗ ಕುಂತು ಹದಿನೈದು ದಿನದ ಹಿಂದನೇ ಬುಕ್ ಮಾಡೇನಿ.”

“ಬುಕ್ ಮಾಡೀದಿ, ಖರೆ. ಅದು ನಿನಗ ಗೊತ್ತು, ಈ ಡ್ರೈವರಗ ಗೊತ್ತು. ಇವ್ರಿಗೆ ಹ್ಯಾಂಗ ಗೊತ್ತಾಗಬೇಕು? ಮುಂಜಾನಿಂದ ನಿಂತವ್ರ ಮಾರಿ ಮುಂದ ಸವಾರಿ ಎತ್ತಿಕೊಂಡು ಹೋಗೂದು ಅಂದ್ರ ಏನು?”

ಫಾರಂನಲ್ಲಿ ಇದೊಂದು ಪ್ರಶ್ನೆ ಇರಲಿಲ್ಲ. ಅಷ್ಟರಲ್ಲಿ ಸ್ಟ್ಯಾಂಡಿನ ನಾಲ್ಕೈದು ಡ್ರೈವರುಗಳು ಹತ್ತಿರ ಬಂದರು. ಜಸೂರನ ಜೊತೆ ಅವರ ದನಿ ಏರತೊಡಗಿತು. ಜಸೂರ್ ಬೆವರು ಒರೆಸಿಕೊಂಡು ನನಗೆ, “ಬೇಗ ಕೂತುಕೊಳ್ಳಿ, ಇಲ್ಲಿ ನಿಲ್ಲಿಸಿದ್ದೇ ತಪ್ಪಾಯಿತು” ಎಂದ. ಅಪ್ಪ ಅವನ ಮುಂದೆ ಕೈ ಚಾಚಿ ಚಾಚಾನ ಭಾಷೆಯಲ್ಲಿ, “ಚಾವಿ ಜರಾ ದೇವ್ ಬೇಟಾ” ಎಂದ. ಜಸೂರ್ ಗಾಬರಿಯಿಂದ ನನ್ನನ್ನು ನೋಡಿದ. ಕೊಡು, ಅಪ್ಪನೂ ಡ್ರೈವರೇ ಎಂದೆ. ಆ ಮಾತು ಕೇಳಿದ ಮೇಲೆ ಕೊಟ್ಟ.

ಅಪ್ಪ ಚಾವಿ ಹಿಡಿದು ನೆಟ್ಟಗೆ ಕರಿ ಟೊಪ್ಪಿಗೆಯ ಹಿರಿಯನ ಬಳಿ ಹೋದ. “ಶರಣ್ರಿ” ಎಂದು ಕೈಮುಗಿದ. ಅವನ ಕೈ ಹಿಡಿದು, ಅಂಗೈ ಬಿಡಿಸಿ, ಚಾವಿ ಇಟ್ಟ. ಶುದ್ಧ ಆಳಂದದ ಮಾತಿನಲ್ಲಿ, “ಪಾಳಿ ನಿಮ್ದು. ಸವಾರಿ ಇವನ ಹೆಸರ ಹೇಳಿ ಬಂದಾರ. ಹೋಗ್ಲೇನ್ರಿ?” ಎಂದು ಕೇಳಿದ. ಅಲ್ಲಿದ್ದವರೆಲ್ಲ ಮಾತು ನಿಲ್ಲಿಸಿ ಅಪ್ಪನನ್ನೇ ನೋಡಿದರು. ನಾನು ಅದನ್ನು ಹಿಂದಿಯಲ್ಲಿ ಹೇಳಿದೆ, ಅದನ್ನು ಜಸೂರ್ ಅವರ ಮಾತಿನಲ್ಲಿ ಹೇಳಿದ. ಅಪ್ಪ ಆಳಂದದಲ್ಲಿ ಜೀಪು ಓಡಿಸುತ್ತಿದ್ದುದನ್ನೂ, ಚಾವಿಯ ಕಟ್ಟೆಯನ್ನೂ ನಾನು ಅವಸರವಸರವಾಗಿ ಸೇರಿಸಿದೆ. ಹಿರಿಯ ಚಾವಿಯನ್ನು ನೋಡಿದ, ಅಪ್ಪನನ್ನು ನೋಡಿದ. ಅವನ ಮುಖದ ಗೆರೆಗಳೆಲ್ಲ ಸಡಿಲಾದವು. ಚಾವಿಯನ್ನು ಅಪ್ಪನ ಕೈಗೇ ತಿರುಗಿ ಕೊಟ್ಟು, ಎದೆಯ ಮೇಲೆ ಕೈ ಇಟ್ಟು ತಲೆ ಬಾಗಿಸಿದ. ಹೋಗು ಎನ್ನುವುದನ್ನು ಯಾವ ದೇಶದ ಡ್ರೈವರು ಹೇಳಿದರೂ ಅಪ್ಪನಿಗೆ ತಿಳಿಯುತ್ತದೆ. ನನಗೆ ಆಗ ಎಷ್ಟು ಹೆಮ್ಮೆಯಾಯಿತೆಂದರೆ ಆ ಮೂಲೆಯಲ್ಲಿದ್ದ ಪ್ರತಿಯೊಬ್ಬನ ಕೈಹಿಡಿದು, ಇವನು ನಮ್ಮಪ್ಪ ಎಂದು ಹೇಳಿಬರಬೇಕೆನಿಸಿತು.

ಕತೆ ಅಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಹಿರಿಯ ತನ್ನ ಗಾಡಿಯ ಕಡೆ ತಿರುಗಿ, ಒಂದು ಬೆರಳೆತ್ತಿ ಏನೋ ಹೇಳಿ ನಕ್ಕ. ಜಸೂರ್, “ನನಗೂ ಒಬ್ಬರು ಸಿಕ್ಕಿದ್ದರೆ ಇಷ್ಟೊತ್ತಿಗೆ ಅರ್ಧ ದಾರಿ ಹೋಗಿರುತ್ತಿದ್ದೆ ಅನ್ನುತ್ತಾರೆ” ಎಂದ. ಅದನ್ನು ನಾನು ಅಪ್ಪನಿಗೆ ಹೇಳಲೇ ಇಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಬೆರಳು ನೋಡಿದ್ದನಲ್ಲ. ಅವನು ಬಗ್ಗಿ ಗಾಡಿಯೊಳಗೆ ನೋಡಿದ. ಮುಂದೆ ರೊಟ್ಟಿಯ ಗಂಟು ಇಟ್ಟುಕೊಂಡ ದಪ್ಪನೆಯ ಹೆಂಗಸು, ಹಿಂದೆ ಎರಡೂ ಕಿಟಕಿಗೆ ಇಬ್ಬರು ಗಂಡಸರು, ನಡುವೆ ಖಾಲಿ ಜಾಗ.

“ಒಂದ ಸೀಟಿಗೆ ನಿಂತದ ಬೇ ಗಾಡಿ,” ಎಂದ ನನಗೆ.

ನಾನು ಅವನ ತೋಳು ಹಿಡಿದೆ. “ಬ್ಯಾಡಪ್ಪಾ,” ಎಂದೆ.

“ಊರು ಒಂದ, ದಾರಿ ಒಂದ. ನೀ ಆ ಗಾಡ್ಯಾಗ ಕುಂದ್ರು, ನಾ ಇದ್ರಾಗ ಬರ್ತೇನಿ. ಅವನ ಸವಾರಿ ಅವನಿಗೆ ಆತು, ಇವ್ರ ಗಾಡಿ ಬಿಟ್ಟಂಗ ಆತು.”

“ನಿನ್ನ ಸಲುವಾಗಿನೇ ಮಾಡಿಸಿದ್ದಪ್ಪಾ ಆ ಗಾಡಿ! ನೀ ಹಿಂದ ಆರಾಮ ಕುಂದ್ರಬೇಕು ಅಂತ ನಾ ಎಷ್ಟು...” ಸೆರಗಿನಿಂದ ಕಣ್ಣು ಒತ್ತಿಕೊಂಡೆ. ನಲವತ್ತೈದರ ಹೆಂಗಸು ಪರದೇಶದ ರಸ್ತೆಯಲ್ಲಿ ನಿಂತು ಅಳುವುದು ಚೆನ್ನಾಗಿ ಕಾಣುವುದಿಲ್ಲ.

“ಹಿಂದನ ಕುಂದ್ರತೇನಲ್ಲ,” ಎಂದು ಅಪ್ಪ ಧೋತರ ಎತ್ತಿ ಕಟ್ಟಿ, ಇಬ್ಬರ ನಡುವೆ ನುಸುಳಿ ಕೂತೇಬಿಟ್ಟ. ಪಕ್ಕದವನ ಮೊಣಕೈಯನ್ನು ತಾನೇ ಸರಿಸಿ ಜಾಗ ಮಾಡಿಕೊಂಡ. ಬಿಳಿ ಗಾಡಿ ಹೊರಟಿತು. ಸ್ಟ್ಯಾಂಡಿನವರು ಕೇಕೆ ಹಾಕಿ ಬೀಳ್ಕೊಟ್ಟರು. ಅಂತೂ ನಮ್ಮಪ್ಪ ಹಿಂದಿನ ಸೀಟಿನಲ್ಲಿ ಸವಾರಿಯಾಗಿ ಕೂತ. ನಾನು ಬೇಡಿಕೊಂಡದ್ದನ್ನು ಇನ್ನೂ ಸ್ವಲ್ಪ ಸ್ಪಷ್ಟವಾಗಿ ಬೇಡಿಕೊಳ್ಳಬೇಕಿತ್ತು.

ನಾನು ಜಸೂರನ ಕಾರಿನಲ್ಲಿ ಮುಖ ಊದಿಸಿಕೊಂಡು ಒಂದು ಮೂಲೆಗೆ ಮುದುಡಿ ಕೂತೆ. ಆ ಗಾಡಿಯನ್ನು ಬಿಡದೆ ಹಿಂಬಾಲಿಸು ಎಂದೆ. ಜಸೂರ್ ಮಾತ್ರ ಖುಷಿಯಲ್ಲಿದ್ದ. ಮೂರು ವರ್ಷದಿಂದ ಆ ಸ್ಟ್ಯಾಂಡಿನವರ ಭಯಕ್ಕೆ ಹಿಂದಿನ ಗಲ್ಲಿಯಲ್ಲಿ ಕದ್ದು ಸವಾರಿ ಹತ್ತಿಸುತ್ತಿದ್ದನಂತೆ. ಈವತ್ತು ಆ ಗಲ್ಲಿಯಲ್ಲಿ ರಸ್ತೆ ಕೆಲಸ ನಡೆದು ಗತಿಯಿಲ್ಲದೆ ಆ ಮೂಲೆಗೆ ಬಂದದ್ದಂತೆ. “ಇನ್ನು ಮೇಲೆ ಕೇಳಿಕೊಂಡು ಬಾ, ಬೇಡ ಅನ್ನುವುದಿಲ್ಲ ಎಂದರು. ಇಷ್ಟು ದಿನ ಕೇಳಬಹುದೆಂದೇ ನನಗೆ ಹೊಳೆದಿರಲಿಲ್ಲ,” ಎಂದ. ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನು ಉಬ್ಬಿಹೋಗುತ್ತಿದ್ದೆ. ಈಗ ಸುಮ್ಮನೆ ಹೂಂ ಎಂದೆ.

ದಾರಿಯ ಎರಡೂ ಕಡೆ ಹತ್ತಿಯ ಹೊಲ. ಜೇವರ್ಗಿಯ ಕಡೆ ಬಂದೆವೇನೋ ಅನ್ನಿಸುವ ಹಾಗೆ ಅದೇ ಬಿಸಿಲು, ಅದೇ ಬಯಲು. ಮುಂದಿನ ಗಾಡಿಯ ಹಿಂದಿನ ಗಾಜಿನಲ್ಲಿ ಅಪ್ಪನ ಬಿಳಿ ಟೊಪ್ಪಿಗೆ ಕಾಣುತ್ತಿತ್ತು. ಸ್ವಲ್ಪ ಹೊತ್ತಿಗೆ ಅದು ತಿರುಗಿತು. ಅಪ್ಪ ನಮ್ಮ ಗಾಡಿಯ ಕಡೆ ಬೆರಳು ತೋರಿಸುತ್ತಿದ್ದ. ಆಮೇಲೆ ಕೈಯನ್ನು ಸೀಟಿನ ಹತ್ತಿರ ಹಿಡಿದು ನಿಧಾನವಾಗಿ ಮೇಲಕ್ಕೆತ್ತಿದ. ಮತ್ತೆ ನಮ್ಮ ಕಡೆ ಬೆರಳು, ಮತ್ತೆ ಎರಡೂ ಕೈ ಅಗಲ. ಏನು ಹೇಳುತ್ತಿದ್ದಾನೆ? ಮುಂದೆ ಹೋಗು ಅನ್ನುತ್ತಾನೋ? ಹೊಟ್ಟೆಯಲ್ಲಿ ಏನಾದರೂ ಆಯಿತೋ? ಅವನಿಗೆ ಸಕ್ಕರೆ ಕಾಯಿಲೆ, ಗುಳಿಗೆಯ ಚೀಲ ನನ್ನ ಹತ್ತಿರವಿತ್ತು. ಹತ್ತು ನಿಮಿಷಕ್ಕೆ ಮತ್ತೆ ಅದೇ ಅಭಿನಯ. ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮಾತು ಬರದ ಜನರ ನಡುವೆ ಮುದುಕನೊಬ್ಬನನ್ನು ಕೂಡಿಸಿ ಮುಖ ಊದಿಸಿಕೊಂಡೆನಲ್ಲ ಎಂದು ನನ್ನನ್ನೇ ಬೈದುಕೊಂಡೆ. ಜಸೂರನಿಗೆ ಹೇಳಿ ಲೈಟು ಮಿನುಗಿಸಿದೆ, ಹಾರ್ನು ಹೊಡೆಸಿದೆ. ಮುಂದಿನ ಗಾಡಿ ರಸ್ತೆ ಬದಿಯ ಚಹಾದ ಅಂಗಡಿಯ ಮುಂದೆ ನಿಂತಿತು.

ಓಡಿಹೋದೆ. ಅಪ್ಪ ಇಳಿದು ಟೊಪ್ಪಿಗೆ ಸರಿಮಾಡಿಕೊಳ್ಳುತ್ತಿದ್ದ.

“ಏನಾತಪ್ಪಾ? ತ್ರಾಸ ಆಗಾಕತ್ತದೇನು?”

“ನನಗೇನಾಗ್ಯಾದ? ಚಹಾ ಕುಡಿಯಾಕ ನೀನ ಹಾರ್ನ್ ಹೊಡಿಸೀದಿ ಅಂತ ಮಾಡಿದ್ದೆ.”

ಅಷ್ಟರಲ್ಲಿ ಆ ರೊಟ್ಟಿಯ ಹೆಂಗಸು ನಮ್ಮಿಬ್ಬರನ್ನೂ ದಾಟಿ ನೇರ ನನ್ನ ಕಾರಿನ ಹತ್ತಿರ ಹೋದಳು. ಬಗ್ಗಿ ಕಿಟಕಿಯಿಂದ ಒಳಗೆಲ್ಲ ನೋಡಿದಳು. ಬಾಗಿಲು ತೆಗೆದು ಹಿಂದಿನ ಸೀಟಿನ ಮೇಲೆ ಅಂಗೈ ಸವರಿದಳು. ತಿರುಗಿ ಬಂದು ನನ್ನ ಎರಡೂ ಕೆನ್ನೆ ಹಿಡಿದು ಉದ್ದಕ್ಕೆ ಏನೋ ಹೇಳಿದಳು. ಜಸೂರ್ ನಗು ತಡೆದುಕೊಂಡು ಹೇಳಿದ:

“ನಿಮ್ಮ ತಂದೆ ಸಮರಕಂದ ಬಿಟ್ಟಾಗಿನಿಂದ ಅದೊಂದನ್ನೇ ಹೇಳುತ್ತಿದ್ದಾರಂತೆ. ಮಾತು ತಿಳಿಯದಿದ್ದರೂ ಮೂರನೇ ಸಲಕ್ಕೆ ಕೈ ನೋಡಿ ತಿಳಿಯಿತಂತೆ. ನನ್ನ ಮಗಳು ಇಷ್ಟಿದ್ದಳು, ಬೆಳೆದು ಇಷ್ಟಾದಳು, ಹಿಂದೆ ಬರುತ್ತಿರುವ ಇಡೀ ಗಾಡಿ ಅವಳೊಬ್ಬಳದು ಎಂದು. ಇವರಿಗೆ ನಂಬಿಕೆ ಬರಲಿಲ್ಲವಂತೆ. ಖಾಲಿ ಇರುವುದು ನಿಜವೋ ಸುಳ್ಳೋ ಎಂದು ನೋಡಿ ಬಂದರು.”

ಅಪ್ಪ ಆಚೆ ತಿರುಗಿ ರಸ್ತೆಯ ಮರ ನೋಡುತ್ತಿದ್ದ. “ಏನ್ ಅಂತಾಳವಾ ಆಕಿ?” ಎಂದ, ಏನೂ ಗೊತ್ತಿಲ್ಲದವನಂತೆ.

“ನೀ ಬಾಳ ಮಾತಾಡ್ತಿ ಅಂತಾಳ,” ಎಂದೆ.

“ನಾ ಹೇಳಿದ್ದು ಖರೇನ ಅದಲ್ಲ? ಮೂವತ್ತೈದು ವರ್ಷ ಎಂಥೆಂಥಾ ಮಂದೀನ ಒಯ್ದೇನಿ. ಒಬ್ಬ ಹೆಣ್ಣಮಗಳ ಸಲುವಾಗಿ ಪೂರಾ ಗಾಡಿ ಬಂದು ನಿಂತಿದ್ದು ನಾ ಎಲ್ಲೂ ನೋಡಿಲ್ಲ. ನನ್ನ ಮಗಳ ಸಲುವಾಗಿ ನಿಂತದ. ನಾನೂ ಅದರಾಗ ಕುಂತ್ರ ಅದು ನನಗ ಹ್ಯಾಂಗ ಕಾಣಬೇಕು?”

ಹಸಿರು ಚಹಾದ ಬಟ್ಟಲನ್ನು ಅವನ ಕೈಗಿಟ್ಟೆ. ಆಮೇಲೆ ಮೆಲ್ಲಗೆ, “ಇನ್ನರ ಬಾ ಅಪ್ಪಾ, ನನ್ನ ಜೋಡಿ ಕುಂದ್ರು” ಎಂದೆ.

“ಅರ್ಧ ದಾರ್ಯಾಗ ಆ ಸೀಟ್ ಖಾಲಿ ಬಿಟ್ಟು ಬಂದ್ರ ಹಿರ್ಯಾರು ಏನ್ ಅಂದಾರು? ನೀ ಹಿಂದ ಬಾ. ನಾ ನೋಡ್ತಿರ್ತೇನಿ.”

ಅವನು ಮತ್ತೆ ಆ ಇಬ್ಬರ ನಡುವೆ ನುಸುಳಿದ. ಜಸೂರ್ ಇಳಿದು ನನಗೆ ಬಾಗಿಲು ತೆರೆದ. ನಾನು ಮೂಲೆಗೆ ಮುದುಡಲಿಲ್ಲ. ಸೆರಗು ಸರಿಪಡಿಸಿಕೊಂಡು, ಮುಂದಿನ ಗಾಡಿಯಿಂದ ತಿರುಗಿ ನೋಡಿದವರಿಗೆ ಪೂರ್ತಿ ಕಾಣುವ ಹಾಗೆ, ಹಿಂದಿನ ಸೀಟಿನ ನಟ್ಟನಡುವೆ, ಬುಖಾರಾ ಬರುವವರೆಗೂ ನೆಟ್ಟಗೆ ಕೂತೆ.